ಶಾಸ್ತ್ರಪೂಜೆ ಮತ್ತು ಶಾಸ್ತ್ರಮೂಢತೆ

ಶ್ರೀ ವೀತರಾಗಾಯ ನಮಃ

(ಬೆಟ್ಟದ ತಪ್ಪಲಿನ ಯಾತ್ರಿನಿವಾಸದ ಜಗಲಿಯಲ್ಲಿ ಸಂಜೆ ಹೊತ್ತು ಹೇಳಿದ ಮಾತುಗಳು. ಯಾತ್ರಿಕರು ಕೇಳಿಕೊಂಡದ್ದರಿಂದ ಬರಹಕ್ಕೆ ಇಳಿಸಲಾಗಿದೆ.)



ತಾವೆಲ್ಲ ದೂರದೂರದ ಊರುಗಳಿಂದ ಶ್ರವಣಬೆಳಗೊಳಕ್ಕೆ ಬಂದಿದ್ದೀರಿ. ಬೆಳಿಗ್ಗೆ ಬರಿಗಾಲಿನಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಬಾಹುಬಲಿ ಸ್ವಾಮಿಯ ದರ್ಶನ ಮಾಡಿ ಇಳಿದಿದ್ದೀರಿ. ಈಗ ಕಾಲು ನೋಯುತ್ತಿರುತ್ತದೆ. ಕೂತು ಒಂದೆರಡು ಮಾತು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಕಳೆದ ಚಳಿಗಾಲದಲ್ಲಿ ಇದೇ ಜಗಲಿಯಲ್ಲಿ ನಡೆದ ಸಂಗತಿಯಿಂದ ಶುರು ಮಾಡುತ್ತೇನೆ. ಆವತ್ತು ನಾನು ದೇವ-ಶಾಸ್ತ್ರ-ಗುರು ಪೂಜೆಯ ವಿಷಯ ಹೇಳಿ ಮುಗಿಸಿದ್ದೆ. ತಾಯಿಯ ಜೊತೆ ಬಂದಿದ್ದ ಒಬ್ಬ ಹುಡುಗ, ಬಿ.ಎ. ಓದುವವನು, ಎದ್ದು ನಿಂತ. "ಮೇಷ್ಟ್ರೇ, ಇಂಗ್ಲಿಷಿನಲ್ಲಿ ಬಿಬ್ಲಿಯೋಲಟ್ರಿ ಅಂತ ಒಂದು ಪದ ಇದೆ. ಧರ್ಮಗ್ರಂಥವನ್ನು ಅತಿಯಾಗಿ ಪೂಜೆ ಮಾಡೋದಕ್ಕೆ ಹಾಗೆ ಹೇಳ್ತಾರೆ. ಅದಕ್ಕೆ ನಮ್ಮಲ್ಲಿ ಏನಂತಾರೆ? ನಾವು ಮಾಡೋದೂ ಅದೇ ಅಲ್ವೇ?" ಎಂದ. ಅವನ ತಾಯಿಗೆ ನಾಚಿಕೆಯಾಯಿತು. "ಸುಮ್ನಿರೋ, ದೊಡ್ಡೋರ ಹತ್ರ ಹಾಗೆಲ್ಲ ಕೇಳಬಾರದು" ಎಂದು ಅವನ ಅಂಗಿ ಜಗ್ಗಿದರು.

ನಾನು, "ಕೇಳಲಿ ಬಿಡಮ್ಮ" ಎಂದೆ. ಆದರೆ ಉತ್ತರ ಮಾತ್ರ ನನ್ನ ಬಾಯಲ್ಲಿ ಬರಲಿಲ್ಲ. "ನಾಳೆ ಬೆಳಿಗ್ಗೆ ಹೇಳುತ್ತೇನಪ್ಪಾ" ಎಂದು ಜಾರಿಕೊಂಡೆ. ನಲವತ್ತು ವರ್ಷ ಪಾಠ ಹೇಳಿದವನಿಗೆ ಇದು ಹೊಸ ವಿದ್ಯೆಯೇನಲ್ಲ!

ಆ ಪದದ ಅರ್ಥ ಸುಲಭ. ಗ್ರೀಕ್ ಭಾಷೆಯಲ್ಲಿ ಬಿಬ್ಲಿಯೋನ್ ಎಂದರೆ ಪುಸ್ತಕ, ಲಾಟ್ರೆಯಾ ಎಂದರೆ ಪೂಜೆ. ಎರಡೂ ಸೇರಿ ಪುಸ್ತಕಪೂಜೆ. ಕ್ರೈಸ್ತರು ತಮ್ಮೊಳಗೇ ವಾದ ಮಾಡುವಾಗ, ಅಕ್ಷರವನ್ನು ಹಿಡಿದುಕೊಂಡು ಅದರ ಹಿಂದಿರುವ ದೇವರನ್ನು ಮರೆಯಬೇಡಿ ಎಂದು ಎಚ್ಚರಿಸಲು ಬಳಸಿದ ಮಾತು. ಅದು ಅವರ ಮನೆಯ ವಿಷಯ, ಅವರು ನೋಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಏನಿದೆ ಎನ್ನುವುದು ನನ್ನ ಪ್ರಶ್ನೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರಿಗೆ ಮೂರು ಮೂಢತೆಗಳು ಗೊತ್ತು. ನದಿಯಲ್ಲಿ ಮುಳುಗಿದರೆ, ಕಲ್ಲು ಮರಳು ಗುಡ್ಡೆ ಹಾಕಿದರೆ ಪುಣ್ಯ ಎಂದುಕೊಳ್ಳುವುದು ಲೋಕಮೂಢತೆ. ವರ ಬೇಡಿ ರಾಗದ್ವೇಷವುಳ್ಳ ದೇವತೆಗಳನ್ನು ಹಿಡಿಯುವುದು ದೇವಮೂಢತೆ. ಪರಿಗ್ರಹವುಳ್ಳ, ಸಂಸಾರದಲ್ಲಿ ಸುತ್ತುವ ವೇಷಧಾರಿಗಳನ್ನು ಗುರು ಎನ್ನುವುದು ಪಾಷಂಡಿಮೂಢತೆ, ನಾವು ಗುರುಮೂಢತೆ ಎನ್ನುತ್ತೇವೆ. ದೇವ ಆಯಿತು, ಗುರು ಆಯಿತು. ಪೂಜೆಯಲ್ಲಿ ಮಧ್ಯೆ ಇರುವ ಶಾಸ್ತ್ರ ಎಲ್ಲಿ? ಶಾಸ್ತ್ರಮೂಢತೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗನ ಪ್ರಶ್ನೆಗಾಗಿ ಅಷ್ಟೇ ಅಲ್ಲ. ನಮ್ಮ ಮನೆಯ ಒಂದು ಹಳೆಯ ಸಂಗತಿ ನೆನಪಾಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಹಿರಿಯರು ಪುಸ್ತಕಕ್ಕೆ ಇಟ್ಟ ಹೆಸರುಗಳನ್ನೇ ನೋಡಿ. ಒಂದು ಹೆಸರು ಶ್ರುತ. ಶ್ರುತ ಎಂದರೆ ಕೇಳಿದ್ದು. ಆ ಪದದಲ್ಲಿ ಓಲೆಯೂ ಇಲ್ಲ, ಮಸಿಯೂ ಇಲ್ಲ. ಒಬ್ಬರ ಬಾಯಿ, ಇನ್ನೊಬ್ಬರ ಕಿವಿ, ಅಷ್ಟೇ. ಎದುರಿಗೆ ಕಾಣುವ ಚಂದ್ರಗಿರಿಯಲ್ಲಿ ಭದ್ರಬಾಹು ಸ್ವಾಮಿಗಳ ಗುಹೆ ಇದೆ. ಅಲ್ಲಿಯ ಪಾದಗಳಿಗೆ ತಾವು ಕೈಮುಗಿದಿರುತ್ತೀರಿ. ಅವರು ಕೊನೆಯ ಶ್ರುತಕೇವಲಿ. ಹನ್ನೆರಡು ಅಂಗಗಳು, ಹದಿನಾಲ್ಕು ಪೂರ್ವಗಳು ಅವರ ನಾಲಿಗೆಯ ಮೇಲಿದ್ದವು. ಉತ್ತರದ ಕ್ಷಾಮಕ್ಕೆ ಸಂಘ ಕಟ್ಟಿಕೊಂಡು ಇಲ್ಲಿಗೆ ನಡೆದು ಬಂದರು ಎನ್ನುತ್ತದೆ ನಮ್ಮ ಪರಂಪರೆ. ಅವರ ಹೆಗಲ ಮೇಲೆ ಒಂದು ಪುಸ್ತಕವೂ ಇರಲಿಲ್ಲ.

ಎರಡನೆಯ ಹೆಸರು ಗ್ರಂಥ. ಗ್ರಂಥ ಎಂದರೆ ಕಟ್ಟಿದ್ದು, ಗಂಟು ಹಾಕಿದ್ದು. ತಾಳೆಗರಿಗೆ ತೂತು ಮಾಡಿ ದಾರ ಪೋಣಿಸಿ ಹಲಗೆ ಇಟ್ಟು ಬಿಗಿಯುತ್ತಿದ್ದರಲ್ಲ, ಅದಕ್ಕೆ ನಮ್ಮ ಕಡೆ 'ಓಲೆ ಕಟ್ಟು' ಎಂದೇ ಹೇಳುತ್ತಿದ್ದರು. ಮೂವತ್ತೆರಡು ಅಕ್ಷರಗಳ ಅಳತೆಗೂ ಗ್ರಂಥ ಎಂದೇ ಹೆಸರು. ಧವಲಾ ಟೀಕೆ 72,000 ಗ್ರಂಥ, ಜಯಧವಲಾ 60,000 ಗ್ರಂಥ ಎಂದು ಹೇಳುವುದು ಈ ಲೆಕ್ಕದಲ್ಲಿ. ಆದರೆ ಜೈನರ ಬಾಯಲ್ಲಿ ಗ್ರಂಥಕ್ಕೆ ಇನ್ನೊಂದು ಅರ್ಥವೂ ಉಂಟು: ಪರಿಗ್ರಹ. ಹೊಲ, ಮನೆ, ಚಿನ್ನ ಮೊದಲಾದ ಹೊರಗಿನ ಹತ್ತು, ಮಿಥ್ಯಾತ್ವ, ಕ್ರೋಧ, ಲೋಭ ಮೊದಲಾದ ಒಳಗಿನ ಹದಿನಾಲ್ಕು, ಒಟ್ಟು ಇಪ್ಪತ್ನಾಲ್ಕು ಗಂಟುಗಳು. ಇವನ್ನು ಬಿಚ್ಚಿ ಹಾಕಿದವರು ನಿರ್ಗ್ರಂಥರು. ಒಂದೇ ಪದ ಒಂದು ಕಡೆ ಬಿಡಿಸುವ ವಸ್ತುವಿನ ಹೆಸರು, ಇನ್ನೊಂದು ಕಡೆ ಕಟ್ಟಿಹಾಕುವ ವಸ್ತುವಿನ ಹೆಸರು. ಹುಡುಗ ಕೇಳಿದ ಪದ ನಮ್ಮಲ್ಲಿ ಬೇರೆ ಬೇಕಾಗಿಯೇ ಇರಲಿಲ್ಲವೇನೋ. ಪುಸ್ತಕವನ್ನು 'ನಮ್ಮದು, ಮುಟ್ಟಬೇಡಿ' ಎಂದ ಗಳಿಗೆಯಲ್ಲಿ ಅದು ಎರಡನೆಯ ಅರ್ಥದ ಗ್ರಂಥವಾಗುತ್ತದೆ.

ಮೂರನೆಯದನ್ನು ಬೇಗ ಹೇಳಿಬಿಡುತ್ತೇನೆ. ಮುನಿಗಳ ಹತ್ತಿರ ಮೂರು ಉಪಕರಣ ಇರಬಹುದು. ಜೀವರಕ್ಷೆಗೆ ಪಿಂಛಿ, ಶುಚಿಗೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಶಾಸ್ತ್ರ ಜ್ಞಾನೋಪಕರಣ. ಉಪಕರಣ ಎಂದರೆ ಕೆಲಸಕ್ಕೆ ಬರುವ ಸಾಧನ. ಕಮಂಡಲುವಿಗೆ ದಿನಾ ಹೂ ಇಟ್ಟು, ನೀರು ಮಾತ್ರ ತುಂಬದೆ ಇದ್ದರೆ ಹೇಗೆ?

ಈಗ ನಮ್ಮ ಮನೆಯ ಸಂಗತಿ.

ನಮ್ಮದು ಮಲೆನಾಡಿನ ಅಂಚಿನ ಒಂದು ಹಳ್ಳಿ. ದೇವರ ಕೋಣೆಯ ನಾಗಂದಿಗೆಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಓಲೆ ಕಟ್ಟು ಇತ್ತು. ತಾತನ ತಾತ ತಂದದ್ದಂತೆ. ದಿನವೂ ಅದಕ್ಕೆ ಅರಿಶಿನ, ಗಂಧ, ಹೂವು. ಹಬ್ಬದ ದಿನ ವಸ್ತ್ರದ ಮೇಲೆಯೇ ತುಪ್ಪದ ಬೊಟ್ಟು. ಅದರಲ್ಲಿ ಏನಿದೆ ಎಂದು ನಮ್ಮ ತಂದೆಯವರನ್ನು ನಾನು ಕೇಳಿದ್ದೆ. "ಶಾಸ್ತ್ರ ಇದೆ" ಎಂದರು. ಯಾವ ಶಾಸ್ತ್ರ ಎಂದೆ. "ಶಾಸ್ತ್ರ ಅಂದ್ನಲ್ಲೋ" ಎಂದರು. ಅವರಿಗೂ ಗೊತ್ತಿರಲಿಲ್ಲ. ಅವರ ತಂದೆಗೂ ಗೊತ್ತಿರಲಿಲ್ಲ.

1971ರಲ್ಲಿ ಒಬ್ಬ ವಿದ್ವಾಂಸರು ಊರೂರು ತಿರುಗಿ ಓಲೆಗರಿ ನೋಡುತ್ತ ನಮ್ಮ ಮನೆಗೂ ಬಂದರು. ಕೊಂಡೊಯ್ಯುವುದಿಲ್ಲ, ಇಲ್ಲೇ ಬಿಚ್ಚಿ ನೋಡಿ ಹೆಸರು ಬರೆದುಕೊಂಡು ಹೋಗುತ್ತೇನೆ, ಬೇಕಾದರೆ ಸ್ನಾನ ಮಾಡಿ ಮಡಿಯುಟ್ಟು ಬರುತ್ತೇನೆ ಎಂದರು. ತಂದೆಯವರು ಒಪ್ಪಲಿಲ್ಲ. ಕಟ್ಟು ಬಿಚ್ಚಿದರೆ ಮನೆಗೆ ಕೇಡು ಎಂದು ಅವರ ನಂಬಿಕೆ. ಇಲ್ಲಿ ತಂದೆಯವರ ಮೇಲೆಯೇ ಎಲ್ಲ ಹೊರಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ನಾನೂ ಅಲ್ಲೇ ಇದ್ದೆ. ಆಗಲೇ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ಆ ವಿದ್ವಾಂಸರು ನನ್ನ ಮುಖ ನೋಡಿದರು, ನೀನಾದರೂ ಒಂದು ಮಾತು ಹೇಳು ಎನ್ನುವ ಹಾಗೆ. ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ್ದು ಇದೆ ಎಂಬ ಜಂಬ ನನಗೂ ಇತ್ತು. ಅವರು ಮಜ್ಜಿಗೆ ಕುಡಿದು, ಮಳೆಯಲ್ಲೇ ಬಸ್ಸಿಗೆ ನಡೆದು ಹೋದರು.

1989ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರ ಪಾಲು ಆಯಿತು. ಕಟ್ಟು ನನ್ನ ಪಾಲಿಗೆ ಬಂತು. ನಾಗಂದಿಗೆಯಿಂದ ಇಳಿಸುವಾಗಲೇ ತೂಕ ಕಡಿಮೆ ಅನ್ನಿಸಿತು. ವಸ್ತ್ರ ಬಿಚ್ಚಿದರೆ ನಡುಭಾಗವೆಲ್ಲ ಹುಡಿ. ಹುಳು ಒಂದು ಗರಿಯಿಂದ ಇನ್ನೊಂದಕ್ಕೆ ದಾರಿ ಮಾಡಿಕೊಂಡು ಹೋಗಿತ್ತು. ತುಪ್ಪ ಇಳಿದ ಕಡೆ ಗರಿಗಳು ಒಂದಕ್ಕೊಂದು ಅಂಟಿ ಕರ್ರಗೆ ಹಲಗೆಯಂತಾಗಿದ್ದವು. ನೂರಕ್ಕೂ ಮಿಕ್ಕಿ ಇದ್ದ ಗರಿಗಳಲ್ಲಿ ಬಿಡಿಸಿ ಓದಬಹುದಾದದ್ದು ನಲವತ್ತೂ ಇಲ್ಲ. ಮೊದಲ ಗರಿ ಹೋಗಿತ್ತು. ಯಾವ ಕೃತಿ, ಯಾರು ಬರೆದದ್ದು ಎಂದು ಇವತ್ತಿಗೂ ಗೊತ್ತಾಗಿಲ್ಲ. ಉಳಿದ ಕೊನೆಯ ಗರಿಯಲ್ಲಿ ಮಾತ್ರ ನಕಲು ಮಾಡಿದವನು ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬೇಡಿಕೊಂಡಿದ್ದಾನೆ. ಹಾಗೆ ಬರೆಯುವುದು ಆಗಿನ ಲಿಪಿಕಾರರ ವಾಡಿಕೆ. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಪುಸ್ತಕವನ್ನು ಕಾಪಾಡಿ ಎಂದೂ ಕೆಲವರು ಕೇಳಿಕೊಳ್ಳುತ್ತಿದ್ದರು. ನಾವು ತುಪ್ಪ ಹಚ್ಚಿದೆವು.

ಬಂಧುಗಳೇ, ನಮ್ಮ ತಂದೆಯವರು ಭಕ್ತಿ ಕಡಿಮೆ ಮಾಡಿದ್ದರೆ ಆ ಗರಿಗಳು ಉಳಿಯುತ್ತಿದ್ದವು ಎಂದು ನಾನು ಹೇಳುವುದಿಲ್ಲ. ಭಕ್ತಿ ಇಲ್ಲದ ಮನೆಗಳಲ್ಲಿ ಓಲೆ ಕಟ್ಟುಗಳು ಬಚ್ಚಲ ಒಲೆಗೆ ಹೋದದ್ದನ್ನೂ ಕಂಡಿದ್ದೇನೆ. ಹಾಗಾಗಿ 'ಅತಿಯಾದ ಭಕ್ತಿ' ಎನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಭಕ್ತಿ ಅತಿಯಾಗಿ ಕೆಡುವುದಲ್ಲ. ತೆರೆಯದೆ ಇರುವುದಕ್ಕೆ, ಕೊಡದೆ ಇರುವುದಕ್ಕೆ, ತಿದ್ದದೆ ಇರುವುದಕ್ಕೆ ಭಕ್ತಿಯನ್ನು ನೆಪ ಮಾಡಿಕೊಂಡಾಗ ಕೆಡುತ್ತದೆ. ಶಾಸ್ತ್ರಮೂಢತೆ ಎಂಬ ಪದ ಬಳಸುವುದಾದರೆ ನಾನು ಅದಕ್ಕೆ ಈ ಅರ್ಥ ಹೇಳುತ್ತೇನೆ.

'ತಿದ್ದದೆ ಇರುವುದು' ಎಂದಾಗ ಕೆಲವರಿಗೆ ಗಾಬರಿಯಾಗಬಹುದು. ಆಗಮವನ್ನು ತಿದ್ದುವುದೇ? ಅದಕ್ಕೆ ನಮ್ಮ ಆಗಮ ಹುಟ್ಟಿದ ಕಥೆಯನ್ನೇ ಕೇಳಿ.

ಸೌರಾಷ್ಟ್ರದ ಗಿರಿನಗರದ ಬೆಟ್ಟ, ಅಂದರೆ ಗಿರನಾರ್. ಅಲ್ಲಿಯ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ಇದ್ದರು. ವಯಸ್ಸಾಗಿತ್ತು. ಗುರುಪರಂಪರೆಯಿಂದ ಬಂದ ಶ್ರುತದಲ್ಲಿ ಅವರಲ್ಲಿ ಉಳಿದಿದ್ದದ್ದು ಒಂದು ಭಾಗ ಮಾತ್ರ. ತಾನು ಹೋದರೆ ಇದೂ ಹೋಗುತ್ತದೆ ಎಂಬ ಭಯ ಅವರಿಗೆ ಹುಟ್ಟಿತು. ದಕ್ಷಿಣದ ಮುನಿಸಂಘಕ್ಕೆ ಓಲೆ ಕಳಿಸಿದರು. ಸಂಘದವರು ಇಬ್ಬರು ಬುದ್ಧಿವಂತ ಮುನಿಗಳನ್ನು ಕಳಿಸಿಕೊಟ್ಟರು. ಮುಂದೆ ಪುಷ್ಪದಂತ, ಭೂತಬಲಿ ಎಂದು ಹೆಸರಾದವರು ಅವರೇ.

ಧರಸೇನರು ಬಂದವರಿಗೆ ತಕ್ಷಣ ಪಾಠ ಹೇಳಲಿಲ್ಲ. ಒಂದೊಂದು ಮಂತ್ರ ಕೊಟ್ಟು ಉಪವಾಸವಿದ್ದು ಸಾಧಿಸಿ ಬನ್ನಿ ಎಂದರು. ಬೇಕೆಂದೇ ಒಂದು ಮಂತ್ರದಲ್ಲಿ ಒಂದು ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದು ಅಕ್ಷರ ಕಡಿಮೆ ಇಟ್ಟಿದ್ದರು. ಸಾಧನೆ ಮುಗಿದಾಗ ಇಬ್ಬರಿಗೂ ವಿದ್ಯಾದೇವತೆಯರು ಕಾಣಿಸಿಕೊಂಡರು. ಒಬ್ಬಳಿಗೆ ಹಲ್ಲು ಮುಂದೆ ಚಾಚಿತ್ತು, ಇನ್ನೊಬ್ಬಳಿಗೆ ಒಂದೇ ಕಣ್ಣು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ದೇವತೆ ಬಂದಳಲ್ಲ ಎಂದು ಅಡ್ಡಬೀಳುತ್ತಿದ್ದೆವು. ಗುರು ಕೊಟ್ಟ ಮಂತ್ರ, ಹೇಗಿದ್ದರೂ ಸರಿ ಎನ್ನುತ್ತಿದ್ದೆವು. ಆ ಇಬ್ಬರು ಹಾಗೆ ಮಾಡಲಿಲ್ಲ. ದೇವತೆಯರಿಗೆ ಅಂಗವಿಕಾರ ಇರುವುದಿಲ್ಲ, ಅಂದ ಮೇಲೆ ದೋಷ ಮಂತ್ರದಲ್ಲಿದೆ ಎಂದು ಯೋಚಿಸಿದರು. ಮಂತ್ರಶಾಸ್ತ್ರದ ಪ್ರಕಾರ ಅಕ್ಷರ ಲೆಕ್ಕ ಹಾಕಿ, ಹೆಚ್ಚಿದ್ದದ್ದನ್ನು ತೆಗೆದು, ಇಲ್ಲದ್ದನ್ನು ಸೇರಿಸಿ ಮತ್ತೆ ಜಪಿಸಿದರು. ದೇವತೆಯರು ತಮ್ಮ ನಿಜರೂಪದಲ್ಲಿ ಬಂದರು. ಇಬ್ಬರೂ ಗುರುಗಳ ಹತ್ತಿರ ಹೋಗಿ ನಡೆದದ್ದನ್ನು ಹೇಳಿದರು. ಧರಸೇನರಿಗೆ ಸಂತೋಷವಾಯಿತು. ಪಾಠ ಆಮೇಲೆ ಶುರುವಾಯಿತು.

ನೋಡಿ, ಅದು ಅವಿನಯವಾಗಿರಲಿಲ್ಲ. ಗುರುವಿನ ಮಾತನ್ನು ಅವರು ತಳ್ಳಿಹಾಕಲಿಲ್ಲ, ಉಪವಾಸ ಮಾಡಿ ಜಪಿಸಿದರು. ಮನಸ್ಸಿಗೆ ತೋಚಿದ ಹಾಗೆ ಬದಲಿಸಲೂ ಇಲ್ಲ, ಶಾಸ್ತ್ರದ ಲೆಕ್ಕದಿಂದಲೇ ತಿದ್ದಿದರು. ಈ ಕಥೆಯನ್ನು ಶ್ರುತಪಂಚಮಿಯ ದಿನ ಎಲ್ಲ ಬಸದಿಗಳಲ್ಲಿ ಹೇಳುತ್ತಾರೆ. ನಾವು ದೇವತೆಯರು ಬಂದದ್ದನ್ನು ನೆನಪಿಟ್ಟುಕೊಳ್ಳುತ್ತೇವೆ, ಅಕ್ಷರ ಎಣಿಸಿದ್ದನ್ನು ಮರೆಯುತ್ತೇವೆ.

ಪಾಠ ಮುಗಿದ ಮೇಲೆ ಪುಷ್ಪದಂತರು ನಮ್ಮ ಬನವಾಸಿಗೆ ಬಂದರು. ಕನ್ನಡನಾಡಿನವರಿಗೆ ಇದು ಹೆಮ್ಮೆಯ ಮಾತು. ಅಲ್ಲಿ ಜಿನಪಾಲಿತನೆಂಬ ಶಿಷ್ಯನಿಗಾಗಿ ಮೊದಲ ಸೂತ್ರಗಳನ್ನು ರಚಿಸಿ, ಅವನ ಕೈಯಲ್ಲೇ ದ್ರಮಿಳ ದೇಶದಲ್ಲಿದ್ದ ಭೂತಬಲಿಗಳಿಗೆ ಕಳಿಸಿದರು. ಪುಷ್ಪದಂತರ ಆಯುಷ್ಯ ಕಡಿಮೆ ಇದೆ ಎಂದು ತಿಳಿದು ಭೂತಬಲಿಗಳು ಉಳಿದದ್ದನ್ನು ಪೂರೈಸಿದರು. ಅದೇ ಷಟ್ಖಂಡಾಗಮ. ಜ್ಯೇಷ್ಠ ಶುಕ್ಲ ಪಂಚಮಿಯಂದು ಅದನ್ನು ಪುಸ್ತಕಕ್ಕೆ ಏರಿಸಿ ಚತುರ್ವಿಧ ಸಂಘದೊಡನೆ ಪೂಜೆ ಮಾಡಿದರು. ಆ ದಿನವೇ ಶ್ರುತಪಂಚಮಿ. ಶಾಸ್ತ್ರಪೂಜೆ ನಮ್ಮಲ್ಲಿ ಅಷ್ಟು ಹಳೆಯದು. ಆ ದಿನ ಕಟ್ಟುಗಳನ್ನು ಹೊರತೆಗೆದು, ಧೂಳು ಕೊಡವಿ, ಬಿಸಿಲು ತೋರಿಸಿ, ಹೊಸ ವಸ್ತ್ರ ಕಟ್ಟಿ, ಓದುವುದು ಪದ್ಧತಿ. ಮಳೆಗಾಲ ಹಿಡಿಯುವ ಮುಂಚೆಯೇ ಈ ಹಬ್ಬ ಬರುವುದನ್ನು ಗಮನಿಸಿ. ಪೂಜೆಯೆಂದರೆ ಆರೈಕೆಯೂ ಹೌದು ಎಂದು ನಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಇದೇ ಆಗಮಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಧವಲಾ ಟೀಕೆ ಬರೆದರು. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಮುಗಿಸಿದರು. ಕಾಲ ಕಳೆದಂತೆ ಇವುಗಳ ತಾಳೆಗರಿ ಪ್ರತಿಗಳು ಎಲ್ಲ ಕಡೆ ಹೋಗಿ, ಕೊನೆಗೆ ಉಳಿದದ್ದು ಮೂಡಬಿದಿರೆಯಲ್ಲಿ ಮಾತ್ರ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಹಳೆಯ ಕನ್ನಡ. ಮೂಡಬಿದಿರೆಯ ಯಾತ್ರೆ ಮಾಡಿದವರಿಗೆ 'ಸಿದ್ಧಾಂತ ದರ್ಶನ' ಗೊತ್ತಿರುತ್ತದೆ. ಗುರುಬಸದಿಯಲ್ಲಿ ರತ್ನದ ಬಿಂಬಗಳ ಜೊತೆ ಈ ಗ್ರಂಥಗಳ ದರ್ಶನವನ್ನೂ ಮಾಡಿಸುತ್ತಿದ್ದರು. ಯಾತ್ರಿಕರು ದೂರದಿಂದ ಕೈಮುಗಿದು ಬರುತ್ತಿದ್ದರು. ನೂರಾರು ವರ್ಷ ಇವು ಹೀಗೆ ನೋಡುವ ಪುಸ್ತಕಗಳಾಗಿದ್ದವು, ಓದುವ ಪುಸ್ತಕಗಳಾಗಿರಲಿಲ್ಲ. ಸಿದ್ಧಾಂತಗ್ರಂಥವನ್ನು ಗೃಹಸ್ಥರು ಓದಬಾರದು ಎಂಬ ಮಾತೂ ಆಗ ಬಲವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮುಂಬಯಿಯ ಮಾಣಿಕಚಂದ್ ಸೇಠರು, ಸೊಲ್ಲಾಪುರದ ಹೀರಾಚಂದ್ ನೇಮಚಂದರು ಮೊದಲಾದವರು ಈ ಪ್ರತಿಗಳು ಹುಡಿಯಾಗುವ ಮೊದಲು ನಕಲು ಆಗಬೇಕು ಎಂದು ಪಟ್ಟು ಹಿಡಿದರು. ಓದಬಲ್ಲವರು ಬೇಕಲ್ಲ? ನಮ್ಮ ಶ್ರವಣಬೆಳಗೊಳದವರೇ ಆದ ಬ್ರಹ್ಮಸೂರಿ ಶಾಸ್ತ್ರಿಗಳು ಮುಂದೆ ಬಂದರು. 1896ರಲ್ಲಿ ಶುರುವಾದ ನಕಲಿನ ಕೆಲಸ ಕೈಯಿಂದ ಕೈಗೆ ದಾಟಿ 1922ರ ತನಕ ನಡೆಯಿತು. ಪ್ರತಿಗಳು ಊರು ಬಿಟ್ಟು ಹೊರಗೆ ಹೋಗಬಾರದು ಎಂದು ಕಟ್ಟುಪಾಡು. ಆದರೆ ನಕಲು ಮಾಡುತ್ತಿದ್ದ ಪಂಡಿತರೊಬ್ಬರು ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಸಹಾರನಪುರ ಸೇರಿತು. ಅಲ್ಲಿಂದ ಪ್ರತಿಗೆ ಪ್ರತಿ ಹುಟ್ಟಿ ಉತ್ತರದ ಊರುಗಳಿಗೆ ಹರಡಿತು. ಅದನ್ನು ಕಳವು ಎನ್ನಬೇಕೇ? ಅಚೌರ್ಯವ್ರತದ ಲೆಕ್ಕದಲ್ಲಿ ಹೌದು ಎನ್ನಬೇಕಾಗುತ್ತದೆ. ಆದರೆ ಆ ಪ್ರತಿ ಇರದಿದ್ದರೆ 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನರು ಹಿಂದಿ ಅನುವಾದದೊಡನೆ ಷಟ್ಖಂಡಾಗಮದ ಮೊದಲ ಸಂಪುಟವನ್ನು ಅಚ್ಚು ಹಾಕಿಸಲು ಆಗುತ್ತಿರಲಿಲ್ಲ. ಮುಂದೆ ಹದಿನಾರು ಸಂಪುಟಗಳಾದವು. ನಾನು ತೀರ್ಪು ಕೊಡುವವನಲ್ಲ.

ಆ ಮೊದಲ ಸಂಪುಟದಲ್ಲಿ ಒಂದು ಸ್ವಾರಸ್ಯವಿದೆ. ತೊಂಬತ್ತಮೂರನೆಯ ಸೂತ್ರದಲ್ಲಿ, ಸ್ತ್ರೀಯರ ಗುಣಸ್ಥಾನಗಳನ್ನು ಹೇಳುವ ಕಡೆ, 'ಸಂಜದ' ಎಂಬ ಒಂದು ಪದ ಇರಬೇಕು ಎಂದು ಸಂಪಾದಕರಿಗೆ ತೋರಿತು. ಅವರ ಕೈಯಲ್ಲಿದ್ದ ನಕಲು ಪ್ರತಿಗಳಲ್ಲಿ ಅದು ಇರಲಿಲ್ಲ. ಪಂಡಿತರಲ್ಲಿ ದೊಡ್ಡ ವಾದವೇ ಎದ್ದಿತು. ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಕೊನೆಗೆ ಮೂಡಬಿದಿರೆಯ ತಾಳೆಗರಿಯನ್ನು ತೆರೆದು ನೋಡಿದರು. ಪದ ಅಲ್ಲೇ ಇತ್ತು! ಅದರ ಅರ್ಥದ ಬಗ್ಗೆ ಪಂಡಿತರು ಆಮೇಲೂ ಚರ್ಚೆ ಮಾಡಿದರು, ಅದು ಬೇರೆ ಮಾತು. ಪದ ಇದೆಯೋ ಇಲ್ಲವೋ ಎನ್ನುವುದು ಮಾತ್ರ ಗರಿ ತೆರೆದವರಿಗಷ್ಟೇ ಗೊತ್ತಾಯಿತು. ನೂರಾರು ವರ್ಷ ಅದರ ಮುಂದೆ ಕೈಮುಗಿದವರಿಗೆ ಗೊತ್ತಿರಲಿಲ್ಲ.

ಹಾಗೆಂದು ಬೀಗ ಹಾಕಿದವರನ್ನು ಬಯ್ಯಬೇಡಿ. ರಾಜ್ಯಗಳು ಹೋದವು, ಬಸದಿಗಳು ಬಿದ್ದವು, ಕಡಲತೀರದ ಮಳೆ ವರ್ಷವರ್ಷವೂ ಸುರಿಯಿತು. ಅಷ್ಟರಲ್ಲೂ ಮೂಡಬಿದಿರೆಯ ಶ್ರಾವಕರು, ಭಟ್ಟಾರಕರು ಅವನ್ನು ಉಳಿಸಿಕೊಟ್ಟರು. ಆ ಭಯಭಕ್ತಿ ಇಲ್ಲದಿದ್ದರೆ ತೆರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಉಳಿಸುವುದಕ್ಕೆ ಭಕ್ತಿ ಬೇಕು. ಒಂದು ಹೊತ್ತು ಬರುತ್ತದೆ, ಆಗ ಅದೇ ಭಕ್ತಿ ಬೀಗದ ಕೈ ಕೊಡಬೇಕು. ನಮ್ಮ ಮನೆಗೆ ಆ ಹೊತ್ತು 1971ರಲ್ಲಿ ಬಂದಿತ್ತು.

ಇದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಜ್ಞಾನಾಚಾರಕ್ಕೆ ಎಂಟು ಅಂಗಗಳು. ಅವುಗಳಲ್ಲಿ ವಿನಯ ಇದೆ, ಬಹುಮಾನ ಇದೆ. ಪುಸ್ತಕಕ್ಕೆ ಕೈಮುಗಿಯುವುದು, ಎತ್ತರದಲ್ಲಿ ಇಡುವುದು ಎಲ್ಲ ಅದರಲ್ಲಿ ಬಂತು. ಆದರೆ ವ್ಯಂಜನ, ಅರ್ಥ, ತದುಭಯ ಎಂಬ ಮೂರೂ ಇವೆ. ಅಕ್ಷರ ಸರಿಯಾಗಿರಬೇಕು, ಅರ್ಥ ಸರಿಯಾಗಿರಬೇಕು, ಎರಡೂ ಕೂಡಿರಬೇಕು. ಎರಡು ಅಂಗ ಇಟ್ಟುಕೊಂಡು ಮೂರು ಬಿಟ್ಟರೆ ಪೂಜೆ ಕುಂಟುತ್ತದೆ. ಇನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮ ಯಾವುದರಿಂದ ಬರುತ್ತದೆ ಎಂದು ಹೇಳುವಾಗ, ತಿಳಿದದ್ದನ್ನು ಮುಚ್ಚಿಡುವುದು, ಹೊಟ್ಟೆಕಿಚ್ಚಿನಿಂದ ಕೊಡದಿರುವುದು, ಕಲಿಯುವವನಿಗೆ ಅಡ್ಡಿ ಮಾಡುವುದು, ಇವೆಲ್ಲ ಬರುತ್ತವೆ. ಆ ವಿದ್ವಾಂಸರಿಗೆ ನಾನು ಮಾಡಿದ್ದು ಮೂರನೆಯದು. ಎರಡನೆಯದೂ ಸ್ವಲ್ಪ ಇತ್ತು ಅನ್ನಿ.

ಇಲ್ಲಿ ಒಬ್ಬ ಅಮ್ಮನವರು ಕೇಳಬಹುದು: "ಮೇಷ್ಟ್ರೇ, ನಮಗೆ ಓದೋಕೆ ಬರಲ್ಲ, ನಾವು ಕೈಮುಗಿಯೋದು ತಪ್ಪೇ?" ತಪ್ಪಲ್ಲ ತಾಯಿ. ಸಮಂತಭದ್ರರು ದಾನಕ್ಕೆ ನಿದರ್ಶನ ಕೊಡುವಾಗ ಕೌಂಡೇಶನ ಹೆಸರು ಹೇಳುತ್ತಾರೆ. ಕಥಾಕೋಶದಲ್ಲಿ ಅವನ ಹಿಂದಿನ ಜನ್ಮದ ಕಥೆ ಇದೆ. ಅವನು ದನ ಕಾಯುವವನು, ಹೆಸರು ಗೋವಿಂದ. ಕಾಡಿನಲ್ಲಿ ಮರದ ಪೊಟರೆಯಲ್ಲಿ ಒಂದು ಶಾಸ್ತ್ರ ಸಿಕ್ಕಿತು. ಓದಲು ಬಾರದು. ತನಗೆ ತಿಳಿದ ಹಾಗೆ ಪೂಜೆ ಮಾಡಿದ. ಆಮೇಲೆ ಅದನ್ನು ಓದಬಲ್ಲ ಮುನಿಗಳ ಕೈಗೆ ಕೊಟ್ಟ. ಮುಂದಿನ ಜನ್ಮದಲ್ಲಿ ಅವನು ಶ್ರುತದಲ್ಲಿ ಪಾರಂಗತನಾದ ಮುನಿಯಾದ. ನಮ್ಮ ತಂದೆಯವರೂ ಗೋವಿಂದನ ಹಾಗೆಯೇ ಪೂಜೆ ಮಾಡಿದರು. ಕೊಡುವ ಕಡೆ ಮಾತ್ರ ಬೇರೆಯಾದರು.

ಈ ಬೆಟ್ಟದ ಹಿರಿಯರೂ ಕೊಟ್ಟವರೇ. ಕ್ರಿ.ಶ. 981ರಲ್ಲಿ ಈ ಬಿಂಬವನ್ನು ಪ್ರತಿಷ್ಠೆ ಮಾಡಿಸಿದ ಚಾವುಂಡರಾಯ ಅದಕ್ಕೆ ಮೂರು ವರ್ಷ ಮೊದಲು, 978ರಲ್ಲಿ, ತೀರ್ಥಂಕರರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದ. ಅವನಿಗಾಗಿಯೇ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಷಟ್ಖಂಡಾಗಮದ ಸಾರ ತೆಗೆದು ಗೊಮ್ಮಟಸಾರ ಬರೆದರು. ಸಿದ್ಧಾಂತವನ್ನು ಗೃಹಸ್ಥನಿಗೆ ಹೇಳಿಕೊಟ್ಟಂತಾಯಿತಲ್ಲ! ಅದಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡ ಟೀಕೆ ಬರೆದರು, ಆ ಕನ್ನಡದಿಂದ ಸಂಸ್ಕೃತಕ್ಕೆ ಹೋಯಿತು, ಸಂಸ್ಕೃತದಿಂದ ಹಿಂದಿಗೆ. ಹೆಂಗಸರನ್ನೂ ನೆನೆಯಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಆಗ ಅಚ್ಚುಯಂತ್ರ ಇರಲಿಲ್ಲ, ಒಂದೊಂದೂ ಕಂಠದಿಂದ ಕೊರೆದು ಬರೆಯಬೇಕು. ದೇಮಿಯಕ್ಕ ಎಂಬ ಶ್ರಾವಕಿ ಶ್ರುತಪಂಚಮಿ ನೋಂಪಿಯ ಉದ್ಯಾಪನೆಗೆ ಧವಲಾ ಪ್ರತಿಯನ್ನೇ ಬರೆಸಿ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಗಂಗರಾಜನ ಗುರುಗಳಾಗಿದ್ದ ಆ ಶುಭಚಂದ್ರರು 1123ರಲ್ಲಿ ಸಮಾಧಿ ಹೊಂದಿದರು ಎಂದು ಇಲ್ಲಿಯ ಶಾಸನವೇ ಹೇಳುತ್ತದೆ. ಈಗ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಿಂದ ಧವಲಾ ಸಂಪುಟಗಳು ಕನ್ನಡಕ್ಕೂ ಬಂದಿವೆ. ಕೊಳ್ಳುವವರು ಇದ್ದಾರೆ. ಕಪಾಟಿನ ಗಾಜಿನ ಹಿಂದೆ ಇಟ್ಟು ಹಾರ ಹಾಕುವವರೂ ಇದ್ದಾರೆ. ಬೈಯುತ್ತಿಲ್ಲ, ನನ್ನ ಮನೆಯಲ್ಲೂ ಎರಡು ಸಂಪುಟ ಇನ್ನೂ ಹಾಳೆ ಬಿಡಿಸದೆ ಇವೆ.

ಮರುದಿನ ಬೆಳಿಗ್ಗೆ ಹುಡುಗ ಬಂದಾಗ ಇಷ್ಟನ್ನೇ ಹೇಳಿದೆ, ಇದಕ್ಕಿಂತ ಕಡಿಮೆ ಮಾತಿನಲ್ಲಿ. ಅವನು ಎಲ್ಲ ಕೇಳಿಸಿಕೊಂಡು, "ನಮ್ಮನೇಲೂ ಒಂದು ಕಟ್ಟಿದೆ ಮೇಷ್ಟ್ರೇ" ಎಂದ. ತಾಯಿ ಏನೂ ಹೇಳಲಿಲ್ಲ. ಬಸ್ಸು ಹೊರಡುವ ಹೊತ್ತಾಗಿತ್ತು.

ಹೋದ ಶ್ರುತಪಂಚಮಿಯ ಸಂಜೆ ಅವನ ಫೋನು ಬಂತು. ಕಟ್ಟು ಬಿಚ್ಚಿದೆವು, ಅಮ್ಮನೇ ಬಿಚ್ಚಿದಳು ಎಂದ. ಓಲೆಯಲ್ಲ, ಕಾಗದದ ಪುಸ್ತಕ. ಅವನ ಮುತ್ತಜ್ಜಿ ಕೈಯಾರೆ ಬರೆದುಕೊಂಡ ನೋಂಪಿ ಕಥೆಗಳು. ಅವಳಿಗೆ ಬರೆಯಲು ಬರುತ್ತಿತ್ತು ಎನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಒಂದು ಸಾಲಿನಲ್ಲಿ ಎರಡು ಅಕ್ಷರ ತಿಳಿಯುತ್ತಿಲ್ಲ ಎಂದು ಫೋಟೋ ಕಳಿಸಿದ. ಕನ್ನಡಕ ಏರಿಸಿಕೊಂಡು ನೋಡಿದೆ. ಒಂದು 'ಳ' ಎಂದು ಖಂಡಿತವಾಗಿ ಹೇಳಬಹುದು. ಇನ್ನೊಂದು 'ಪ'ವೋ 'ವ'ವೋ ನನಗೂ ಗೊತ್ತಾಗಲಿಲ್ಲ. ಅಜ್ಜಿ ಬೇರೆ ಕಡೆ ಆ ಅಕ್ಷರವನ್ನು ಹೇಗೆ ಬರೆದಿದ್ದಾಳೆ ನೋಡಿ ಹೇಳು ಎಂದಿದ್ದೇನೆ. ಇನ್ನೂ ಹುಡುಕುತ್ತಿದ್ದಾನೆ.

ಜೈ ಜಿನೇಂದ್ರ.